ನಗರ ಗ್ರಂಥಾಲಯದಲ್ಲಿ ನಿಮ್ಮೂರಿನ ಹಳೇ ಫೋಟೊ ಹುಡುಕುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

‘ಸಾರ್, ನಮ್ಮೂರಿನ ಹಳೇ ಫೋಟೊ ಇದಾವಾ?’
‘ಇಲ್ರೀ.’

ಹೆಚ್ಚಿನವರ ಹುಡುಕಾಟ ಈ ಎರಡು ಮಾತಿಗೇ ಮುಗಿದುಹೋಗುತ್ತದೆ. ಶಾಲೆಯ ಶತಮಾನೋತ್ಸವ ಅಂತ ಬಂದವರು, ತಾತ ಕೆಲಸ ಮಾಡಿದ ಮಿಲ್ಲಿನ ಫೋಟೊ ಬೇಕು ಅಂತ ಬಂದವರು, ಎಲ್ಲರೂ ಕೌಂಟರ್‌ನಿಂದಲೇ ವಾಪಸ್. ಆಮೇಲೆ ಫೋನ್ ಮಾಡಿ ‘ನಮ್ಮ ಗ್ರಂಥಾಲಯದಲ್ಲಿ ಏನೂ ಇಲ್ಲ ಬಿಡಿ’ ಅನ್ನುತ್ತಾರೆ.

ಕೌಂಟರ್‌ನಲ್ಲಿದ್ದವರು ಸುಳ್ಳು ಹೇಳಿರುವುದಿಲ್ಲ. ನಮ್ಮ ಜಿಲ್ಲಾ ಕೇಂದ್ರ, ನಗರ ಕೇಂದ್ರ ಗ್ರಂಥಾಲಯಗಳಲ್ಲಿ ‘ಫೋಟೊ ಸಂಗ್ರಹ’ ಅಂತ ಬೋರ್ಡು ಹಾಕಿದ ಕೋಣೆ ಸಾಮಾನ್ಯವಾಗಿ ಇರುವುದಿಲ್ಲ. ಫೋಟೊಗಳೇನೋ ಇರುತ್ತವೆ. ಆದರೆ ಸ್ಮರಣ ಸಂಚಿಕೆಯ ಮಧ್ಯದ ನುಣುಪು ಹಾಳೆಯಲ್ಲಿ, ಅಭಿನಂದನ ಗ್ರಂಥದ ಕೊನೆಯಲ್ಲಿ, ಗೆಜೆಟಿಯರ್ ಅನ್ನುವ, ಜಿಲ್ಲೆಯ ಪೂರ್ತಿ ವಿವರ ಕೊಡುವ ಸರ್ಕಾರಿ ಪುಸ್ತಕದ ನಡುವೆ, ಬೈಂಡ್ ಮಾಡಿದ ಪತ್ರಿಕೆಗಳ ಕಟ್ಟಿನಲ್ಲಿ ಇರುತ್ತವೆ. ಅಂದರೆ ನೀವು ಕೇಳಬೇಕಾದ್ದು ಫೋಟೊ ಅಲ್ಲ, ಪುಸ್ತಕ. ಯಾವ ಪುಸ್ತಕ ಅಂತ ಗೊತ್ತಾಗಬೇಕಾದರೆ ಮನೆಯಲ್ಲೇ ಒಂದಿಷ್ಟು ತಯಾರಿ ಆಗಬೇಕು.

ಉದಾಹರಣೆಗೆ ದಾವಣಗೆರೆ ಜಿಲ್ಲೆಯನ್ನು ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಊರು ಬೇರೆಯಾದರೂ ಕ್ರಮ ಇದೇ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಮೂರನೆಯದರಿಂದ ಶುರು ಮಾಡಿದವರೇ ಬರಿಗೈಲಿ ವಾಪಸ್ ಬರುವುದು.

ಮೊದಲು ಚೀಲಕ್ಕೆ ಹಾಕಿಕೊಳ್ಳಬೇಕಾದ್ದು

ನೋಟ್‌ಬುಕ್, ಎರಡು ಪೆನ್ಸಿಲ್, ಒಂದು ಭೂತಗನ್ನಡಿ, 15 ಸೆಂ.ಮೀ. ಸ್ಕೇಲು, ಪುಟದ ನಡುವೆ ಇಡಲು ಬಿಳಿ ಹಾಳೆಯ ಪಟ್ಟಿಗಳು, ಮಾಸ್ಕ್, ಒಂದು ಗುರುತಿನ ಚೀಟಿ. ಫೋನ್‌ನಲ್ಲಿ ಜಾಗ ಖಾಲಿ ಮಾಡಿಕೊಂಡು ಹೋಗಿ.

ಪೆನ್ ಬೇಡ. ಹಳೇ ಪುಸ್ತಕದ ಹತ್ತಿರ ಪೆನ್ನಿನ ಮುಚ್ಚಳ ತೆಗೆದರೆ ಒಳ್ಳೆಯ ಗ್ರಂಥಪಾಲಕರ ಮುಖ ಸಿಂಡರಿಸುತ್ತದೆ, ಸರಿಯೇ. ಬಿಳಿ ಹತ್ತಿ ಗ್ಲೌಸೂ ಬೇಡ. ಟಿವಿಯಲ್ಲಿ ನೋಡಲು ಚೆಂದ, ಆದರೆ ಹಪ್ಪಳದಂತಾದ ಹಳೇ ಪತ್ರಿಕೆಯ ಅಂಚು ಗ್ಲೌಸಿನ ನೂಲಿಗೆ ಸಿಕ್ಕಿ ಹರಿಯುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು.

ಮಾಸ್ಕ್ ಮಾತ್ರ ಮರೆಯಬೇಡಿ. ಮುಗ್ಗಲು ವಾಸನೆಯ ಕಟ್ಟು ಬಿಚ್ಚಿದರೆ ಎರಡು ದಿನ ಸೀನು ಗ್ಯಾರಂಟಿ.

ಹಂತ 1: ಪ್ರಶ್ನೆಯನ್ನು ಒಂದು ಸಾಲಿಗೆ ಇಳಿಸಿ

‘ದಾವಣಗೆರೆಯ ಹಳೇ ಫೋಟೊ’ ಅನ್ನುವುದು ಪ್ರಶ್ನೆ ಅಲ್ಲ, ಆಸೆ. ಇದಕ್ಕೆ ಉತ್ತರ ಕೊಡಲು ಯಾರಿಗೂ ಆಗುವುದಿಲ್ಲ. ಜಾಗ, ಕಾಲ, ವಿಷಯ ಮೂರೂ ಇರುವ ಒಂದು ಸಾಲು ಬರೆಯಿರಿ. ‘1950ರಿಂದ 1965ರ ನಡುವೆ ದಾವಣಗೆರೆಯ ಹತ್ತಿ ಮಿಲ್ಲುಗಳ ಕಟ್ಟಡ, ಕಾರ್ಮಿಕರು.’ ಈಗ ಹುಡುಕಬಹುದು.

ಕಾಲ ಗೊತ್ತಿಲ್ಲ ಅಂದರೆ ಮನೆಯ ಹಿರಿಯರ ಹತ್ತಿರ ಇಸವಿ ಕೇಳಬೇಡಿ. ‘ಆಗ ನಿಮ್ಮ ಮದುವೆ ಆಗಿತ್ತಾ?’, ‘ದೊಡ್ಡಣ್ಣ ಹುಟ್ಟಿದ್ದನಾ?’ ಅಂತ ಕೇಳಿ. ಇಸವಿ ನೆನಪಿಲ್ಲದವರಿಗೂ ಇದು ನೆನಪಿರುತ್ತದೆ.

ಹಂತ 2: ನಿಮ್ಮೂರು ಆಗ ಯಾವ ಜಿಲ್ಲೆಯಲ್ಲಿತ್ತು, ಪತ್ತೆ ಮಾಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಯಾವ ಪುಸ್ತಕದ ಬೆನ್ನ ಮೇಲೂ ‘ದಾವಣಗೆರೆ ಜಿಲ್ಲೆ’ ಅಂತ ಇರಲು ಸಾಧ್ಯವಿಲ್ಲ, ಅಲ್ವಾ? ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು, ವಾಪಸ್ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಹಾಗಾಗಿ ದಾವಣಗೆರೆ ಪಟ್ಟಣದ ಬಗ್ಗೆ ಬೇಕಾದರೆ 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ ಕೇಳಬೇಕು. ಚನ್ನಗಿರಿಗೆ ಶಿವಮೊಗ್ಗದ್ದು. ಹರಪನಹಳ್ಳಿಯ ಕಥೆ ಇನ್ನೂ ಬೇರೆ. ಬಳ್ಳಾರಿ ಪ್ರದೇಶ 1953ರವರೆಗೆ ಮದ್ರಾಸಿನ ಕೈಯಲ್ಲಿತ್ತು. ಹಾಗಾಗಿ ಮೈಸೂರು ಸಂಸ್ಥಾನದ ಹಳೇ ಗೆಜೆಟಿಯರ್‌ಗಳಲ್ಲಿ ಅದನ್ನು ಹುಡುಕಿದರೆ ಸಮಯ ದಂಡ.

ಶಾಸನಕ್ಕೂ ಇದೇ ಮಾತು. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಆವೃತ್ತಿಯಲ್ಲಿ ದಾವಣಗೆರೆ, ಜಗಳೂರು 11ನೇ ಸಂಪುಟದಲ್ಲಿವೆ. ಹೊನ್ನಾಳಿ, ಚನ್ನಗಿರಿ 7ರಲ್ಲಿವೆ. ಹರಿಹರದ ಶಾಸನಗಳು ದಾವಣಗೆರೆ ತಾಲೂಕಿನ ತಲೆಬರಹದಡಿ ಬರುತ್ತವೆ. ‘ಹರಿಹರ’ ಅಂತ ವಿಷಯಸೂಚಿ ನೋಡಿ ಪುಸ್ತಕ ಮುಚ್ಚಿಟ್ಟವರನ್ನು ನಾನು ಬಲ್ಲೆ. ಹರಪನಹಳ್ಳಿ ತಾಲೂಕಿನವು ಬೇಕಾದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟ ನೋಡಬೇಕು.

ಉತ್ತರ ಕರ್ನಾಟಕದಲ್ಲಿ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಊರಿನವರು ಆ ಪ್ರಾಂತ್ಯದ ಗೆಜೆಟಿಯರ್ ಕೇಳಿ. ಬೆಳಗಾವಿ 21ನೇ ಸಂಪುಟ, ಧಾರವಾಡ 22, ವಿಜಯಪುರ 23, ಮೂರೂ 1884ರವು. ಉತ್ತರ ಕನ್ನಡದ್ದು 15ನೇ ಸಂಪುಟ. ಚಿಕ್ಕಮಗಳೂರಿನವರು ‘ಕಡೂರು ಜಿಲ್ಲೆ’ ಅಂತ ಹುಡುಕಬೇಕು, ಆಗಿನ ಹೆಸರು ಅದು.

ಈಗ ಒಂದು ಹಾಳೆಯಲ್ಲಿ ನಿಮ್ಮೂರಿನ ಎಲ್ಲ ಹೆಸರೂ ಬರೆದುಕೊಳ್ಳಿ. ಇಂಗ್ಲಿಷ್‌ನಲ್ಲಿ ಬೇರೆ ಬೇರೆ ಕಾಲದ ಕಾಗುಣಿತ ಏನೇನಿತ್ತೋ ಅದೂ ಇರಲಿ. 12 ಊರುಗಳ ಇಂಗ್ಲಿಷ್ ಹೆಸರು ಬದಲಾಗಿದ್ದು 2014ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕದ ಸೂಚಿಯಲ್ಲಿ ‘ಶಿವಮೊಗ್ಗ’ ಇರುವುದಿಲ್ಲ, ‘ಶಿಮೊಗ’ ಇರುತ್ತದೆ. ಇನ್ನೂ ಹಳೇ ಪುಸ್ತಕಗಳಲ್ಲಿ ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಗಿರುತ್ತದೆ. ಬೀದಿಗಳ ಹಳೇ ಹೆಸರೂ ಬೇಕು. ಸರ್ಕಲ್‌ಗಳಿಗೆ ನಾಯಕರ ಹೆಸರು ಬಂದಿದ್ದು ಎಷ್ಟೋ ಕಡೆ ಆಮೇಲೆ.

ಹಂತ 3: ಕೌಂಟರ್‌ನಲ್ಲಿ ಏನು ಕೇಳಬೇಕು

ಹೋಗುವ ದಿನ ನೋಡಿಕೊಳ್ಳಿ. ಹೆಚ್ಚಿನ ಕಡೆ ಗ್ರಂಥಾಲಯಕ್ಕೆ ಸೋಮವಾರ ರಜೆ, ಭಾನುವಾರ ಅಲ್ಲ. ಭಾನುವಾರ ತೆರೆದಿದ್ದರೂ ಬೀರುವಿನ ಕೀಲಿಕೈ ಇರುವವರು ಬಂದಿದ್ದಾರೋ ಇಲ್ಲವೋ, ಮೊದಲೇ ವಿಚಾರಿಸಿ. ಬೆಳಗ್ಗೆ ಪೇಪರ್ ಓದುವವರ ಗದ್ದಲ. ಮಧ್ಯಾಹ್ನ ಮೇಲೆ ಹೋದರೆ ಸಿಬ್ಬಂದಿಗೂ ಪುರುಸೊತ್ತು.

ಮುಖ್ಯ ಗ್ರಂಥಾಲಯಾಧಿಕಾರಿಗೆ ಅರ್ಧ ಪುಟದ ಅರ್ಜಿ ಬರೆದುಕೊಂಡು ಹೋಗಿ. ಯಾವ ವಿಷಯ, ಯಾಕೆ ಬೇಕು, ಪುಟಗಳ ಫೋಟೊ ತೆಗೆಯಲು ಅನುಮತಿ, ಇಷ್ಟು ಸಾಕು. ಅರ್ಜಿ ಇದ್ದರೆ ಅಟೆಂಡರ್‌ಗೂ ಬೀರು ತೆರೆಯಲು ಧೈರ್ಯ.

ಕೇಳಬೇಕಾದ ಮಾತು ಹೀಗಿರಲಿ:

‘ಮೇಡಂ, ಪರಾಮರ್ಶನ ವಿಭಾಗದಲ್ಲಿ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ ಬೇಕಿತ್ತು. ಜೊತೆಗೆ ನಮ್ಮೂರಿನ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ ಎಲ್ಲಿಟ್ಟಿದೀರಿ?’

ವ್ಯತ್ಯಾಸ ಗೊತ್ತಾಯ್ತಾ? ‘ಇಲ್ಲ’ ಅನ್ನಲು ಇಲ್ಲಿ ಜಾಗವೇ ಇಲ್ಲ.

ಕಂಪ್ಯೂಟರ್‌ನಲ್ಲಿ ಹುಡುಕಿ ‘ಸಿಗ್ತಿಲ್ಲ’ ಅಂದರೆ ನಂಬಿ ಎದ್ದು ಬರಬೇಡಿ. ಸ್ಮರಣ ಸಂಚಿಕೆಗಳು ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದೇ ಇಲ್ಲ. ಏರಿದ್ದರೂ ಸಂಘದ ಹೆಸರಲ್ಲಿರುತ್ತವೆ, ಊರಿನ ಹೆಸರಲ್ಲಲ್ಲ. ಪುಸ್ತಕಗಳನ್ನು ದಾಖಲು ಮಾಡುವ ದೊಡ್ಡ ರಿಜಿಸ್ಟರ್ ಇರುತ್ತದೆ, ಅದನ್ನು ನೋಡಬಹುದಾ ಅಂತ ವಿನಯದಿಂದ ಕೇಳಿ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ ಇರುವ ಕಡೆ ಕರ್ನಾಟಕದ ಇತಿಹಾಸದ ಸಂಖ್ಯೆ 954.87. ಆ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತೆಗೆದು ನೋಡುವುದೇ ಎಲ್ಲಕ್ಕಿಂತ ಒಳ್ಳೆಯ ವಿಧಾನ.

ಹಿಂಜರಿಕೆ ಬೇಡ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಶೇ 6ರಷ್ಟು ಗ್ರಂಥಾಲಯ ಕರ ಇರುತ್ತದೆ. ಹಾಗಂತ ಅದನ್ನು ಕೌಂಟರ್‌ನಲ್ಲಿ ಹೇಳಲೂ ಬೇಡಿ. ನಾನು ಒಮ್ಮೆ ಒಂದು ಊರಲ್ಲಿ ಹೇಳಿದೆ. ಆ ದಿನ ಬೀರುವಿನ ಕೀಲಿಕೈ ಸಿಗಲೇ ಇಲ್ಲ.

ಹಂತ 4: ಫೋಟೊ ಅಡಗಿರುವ ಪುಸ್ತಕಗಳನ್ನು ಈ ಕ್ರಮದಲ್ಲಿ ನೋಡಿ

ಮೊದಲು ಗೆಜೆಟಿಯರ್. ಇದರಲ್ಲಿ ಫೋಟೊ ಕಡಿಮೆ. ಆದರೂ ಮೊದಲು ಇದನ್ನೇ ನೋಡಬೇಕು. ಯಾಕೆಂದರೆ ಊರಲ್ಲಿದ್ದ ಸಂಸ್ಥೆಗಳು, ಮಿಲ್ಲು, ಶಾಲೆ, ಆಸ್ಪತ್ರೆ, ಪುರಸಭೆ ಇವುಗಳ ಹೆಸರು, ಇಸವಿ ಇಲ್ಲಿ ಸಿಗುತ್ತವೆ. ಆ ಹೆಸರುಗಳೇ ಮುಂದಿನ ಪುಸ್ತಕಕ್ಕೆ ದಾರಿ. ಹಳೇ ಮೈಸೂರಿನ ಊರಾದರೆ ಹಯವದನ ರಾಯರ ಮೈಸೂರು ಗೆಜೆಟಿಯರ್‌ನ 5ನೇ ಸಂಪುಟದಲ್ಲಿ ಜಿಲ್ಲಾವಾರು ವಿವರ ಇದೆ.

ಆಮೇಲೆ ಸ್ಮರಣ ಸಂಚಿಕೆ. ನಿಜವಾದ ಗಣಿ ಇದು. ಶಾಲೆಯ ಬೆಳ್ಳಿಹಬ್ಬ, ಸಹಕಾರಿ ಬ್ಯಾಂಕಿನ ಸುವರ್ಣ ಮಹೋತ್ಸವ, ಸಾಹಿತ್ಯ ಸಮ್ಮೇಳನ, ದೇವಸ್ಥಾನದ ಜೀರ್ಣೋದ್ಧಾರ, ಪ್ರತಿಯೊಂದಕ್ಕೂ ಒಂದು ಸಂಚಿಕೆ ಬಂದಿರುತ್ತದೆ. ಲೇಖನಗಳನ್ನು ಬಿಡಿ, ಅರ್ಧ ಶುಭಾಶಯಗಳೇ. ಮಧ್ಯದ ನುಣುಪು ಹಾಳೆಗಳಿಗೆ ನೇರ ಹೋಗಿ. ಅಲ್ಲಿ ಗುಂಪು ಫೋಟೊ ಇರುತ್ತದೆ, ಕೆಳಗೆ ‘ಕುಳಿತವರು ಎಡದಿಂದ ಬಲಕ್ಕೆ’, ‘ನಿಂತವರು’ ಅಂತ ಹೆಸರುಗಳ ಪಟ್ಟಿ ಇರುತ್ತದೆ. ಹೆಸರಿರುವ ಗುಂಪು ಫೋಟೊ ಅಂದರೆ ಚಿನ್ನ.

ಹಿಂದಿನ ಜಾಹೀರಾತುಗಳನ್ನೂ ಬಿಡಬೇಡಿ. ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಅಂಗಡಿಯ ಮುಂಭಾಗ, ಟಾಕೀಸು, ಲಾಡ್ಜು, ಮಂಡಕ್ಕಿ ಭಟ್ಟಿ, ಇವುಗಳ ಫೋಟೊ ಬೇರೆಲ್ಲೂ ಸಿಗದಿದ್ದರೂ ಜಾಹೀರಾತಿನಲ್ಲಿ ಸಿಗುತ್ತವೆ. ಜೊತೆಗೆ ಮಾಲೀಕರ ಹೆಸರು, ವಿಳಾಸ.

ಮೂರನೆಯದು ಅಭಿನಂದನ ಗ್ರಂಥ. ಊರಿನ ವಕೀಲರು, ಉದ್ಯಮಿ, ಮೇಷ್ಟ್ರು ಯಾರಿಗಾದರೂ ಬಂದಿರುತ್ತದೆ. ಮುಂದಿನ ಫೋಟೊಗಳು ಹಾರ ಹಾಕಿಸಿಕೊಳ್ಳುವವು. ಅವನ್ನು ದಾಟಿ ಬಾಲ್ಯ, ಮದುವೆ, ಮನೆಯ ಫೋಟೊಗಳಿಗೆ ಬನ್ನಿ. ನಿಮಗೆ ಬೇಕಾದ್ದು ಅವುಗಳ ಹಿನ್ನೆಲೆಯಲ್ಲಿರುವ ಬೀದಿ.

ದೇವಸ್ಥಾನ, ಕೋಟೆ ಬೇಕಾದರೆ ಮೈಸೂರು ಪುರಾತತ್ವ ಇಲಾಖೆಯ ಹಳೇ ವಾರ್ಷಿಕ ವರದಿಗಳನ್ನು ಕೇಳಿ. ಅವುಗಳಲ್ಲಿ ಚಿತ್ರಪಟಗಳಿವೆ, ಗೋಡೆಗೆ ಸುಣ್ಣ ಬಳಿಯುವ ಮೊದಲು, ಮುಂದೆ ಶೀಟು ಹಾಕುವ ಮೊದಲು ಹೇಗಿತ್ತು ಅಂತ ಗೊತ್ತಾಗುತ್ತದೆ.

ಪತ್ರಿಕೆ ಕೊನೆಗೆ. ದಿನಾಂಕ ಗೊತ್ತಿಲ್ಲದೆ ಪತ್ರಿಕೆಯ ಕಟ್ಟು ಬಿಚ್ಚುವುದು ಹುಲ್ಲಿನ ಬಣವೆ ಬಿಚ್ಚಿದಂತೆ. ದಿನಾಂಕ ಗೊತ್ತಿದ್ದರೆ ಮರುದಿನದ್ದು ಮಾತ್ರವಲ್ಲ, ಒಂದು ವಾರದ್ದು ನೋಡಿ. ಸಣ್ಣ ಊರಿನ ಸುದ್ದಿ, ಫೋಟೊ ಆಗ ಬಸ್ಸಲ್ಲೋ ಅಂಚೆಯಲ್ಲೋ ಹೋಗಿ ಅಚ್ಚಾಗಬೇಕಿತ್ತು. ಪತ್ರಿಕೆ ಶುರುವಾದ ವರ್ಷವೂ ತಲೆಯಲ್ಲಿರಲಿ. ಪ್ರಜಾವಾಣಿ ಬಂದಿದ್ದೇ 1948ರ ಅಕ್ಟೋಬರ್‌ನಲ್ಲಿ. ಸ್ವಾತಂತ್ರ್ಯ ಬಂದ ದಿನದ ಪ್ರಜಾವಾಣಿ ಕೇಳಿದರೆ ಎಲ್ಲಿಂದ ಬರಬೇಕು?

ಇಷ್ಟರಲ್ಲೂ ಸಿಗದಿದ್ದರೆ ಮಾತ್ರ ಹೊರಗೆ ಹೋಗಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಹಳೇ ಗೆಜೆಟಿಯರ್, ಶಾಸನ ಸಂಪುಟಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣದಲ್ಲಿ ಉಚಿತ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗಿನ ಕಡೆಯವರು ಬಾಸೆಲ್ ಮಿಷನ್ ಅನ್ನುವ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಆನ್‌ಲೈನ್ ಸಂಗ್ರಹ ನೋಡಲೇಬೇಕು. ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರು ತೆಗೆದ ಶಾಲೆ, ಹಂಚಿನ ಕಾರ್ಖಾನೆ, ಬೀದಿಗಳ ಫೋಟೊಗಳು ಸ್ವಿಟ್ಜರ್ಲೆಂಡಿನಲ್ಲಿ ಕ್ರಮವಾಗಿ ಪಟ್ಟಿಯಾಗಿವೆ.

ಹಂತ 5: ನಕಲು ತೆಗೆಯುವಾಗ ಮೂರು ಕ್ಲಿಕ್, ಇದೇ ಕ್ರಮದಲ್ಲಿ

ಒಂದು: ಪುಸ್ತಕದ ಹೆಸರು, ಪ್ರಕಾಶಕರು, ಇಸವಿ ಇರುವ ಶೀರ್ಷಿಕೆ ಪುಟ. ಎರಡು: ಫೋಟೊ ಇರುವ ಇಡೀ ಪುಟ, ಅಡಿಬರಹ ಮತ್ತು ಪುಟಸಂಖ್ಯೆ ಕಾಣುವಂತೆ, ಪಕ್ಕದಲ್ಲಿ ಸ್ಕೇಲು ಇಟ್ಟು. ಮೂರು: ಫೋಟೊ ಮಾತ್ರ, ಹತ್ತಿರದಿಂದ.

ನೇರ ಮೂರನೆಯದಕ್ಕೆ ಹಾರುವುದು ಎಲ್ಲರೂ ಮಾಡುವ ತಪ್ಪು. ಆರು ತಿಂಗಳ ಮೇಲೆ ಫೋನ್ ತೆರೆದರೆ ನಲವತ್ತು ಫೋಟೊ ಇರುತ್ತವೆ, ಯಾವುದು ಎಲ್ಲಿಂದ ಬಂತೋ ದೇವರೇ ಬಲ್ಲ. ಹೀಗೆ ಅನಾಥವಾದ ಫೋಟೊಗಳ ಒಂದು ಫೋಲ್ಡರ್ ನನ್ನ ಹತ್ತಿರವೂ ಇದೆ.

ಫ್ಲ್ಯಾಶ್ ಬೇಡ, ನುಣುಪು ಹಾಳೆಯಲ್ಲಿ ಬೆಳಕಿನ ಚುಕ್ಕೆ ಬೀಳುತ್ತದೆ. ಕಿಟಕಿಯ ಪಕ್ಕದ ಮೇಜು ಹಿಡಿಯಿರಿ. ಬಿಸಿಲು ನೇರ ಬೀಳದಿರಲಿ. ಫೋನ್ ಪುಟಕ್ಕೆ ಸಮಾನಾಂತರವಾಗಿರಲಿ. ಬೈಂಡಿಂಗ್ ಬಿಗಿ ಇದ್ದರೆ ಪುಸ್ತಕವನ್ನು ಅಗಲಿಸಿ ಒತ್ತಬೇಡಿ. ‘ಟಕ್’ ಅಂತ ಸದ್ದು ಬಂದರೆ ಬೆನ್ನು ಮುರಿಯಿತು ಅಂತಲೇ ಅರ್ಥ. ಪುಟವನ್ನು ಅರ್ಧ ತೆರೆದಿಟ್ಟು ಆಧಾರ ಕೊಡಿ.

ಪುಸ್ತಕದಲ್ಲಿ ಅಚ್ಚಾದ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅದು ಫೋಟೊ ಅಲ್ಲ, ಫೋಟೊದ ಅಚ್ಚು. ಎಷ್ಟೇ ದೊಡ್ಡದು ಮಾಡಿದರೂ ಹೊಸ ವಿವರ ಬರುವುದಿಲ್ಲ, ಚುಕ್ಕೆ ದೊಡ್ಡದಾಗುತ್ತದೆ ಅಷ್ಟೆ. ಅಂಥ ಫೋಟೊವನ್ನು ಹತ್ತು ಅಡಿ ಫ್ಲೆಕ್ಸಿಗೆ ಹಾಕಿ, ತಾತನ ಮುಖ ರಾಗಿ ಚೆಲ್ಲಿದಂತೆ ಕಂಡ ಸಮಾರಂಭಕ್ಕೆ ನಾನು ಹೋಗಿದ್ದೇನೆ. ಸ್ಕ್ಯಾನ್ ಮಾಡುವಾಗ ಅಲೆಅಲೆಯಾದ ಗೆರೆ ಬಂದರೂ ಕಾರಣ ಇದೇ. ಸ್ಕ್ಯಾನರ್‌ನಲ್ಲಿ ‘ಡಿಸ್ಕ್ರೀನ್’ ಅನ್ನುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ.

ಹಂತ 6: ಇಸವಿ ಕಟ್ಟಿಹಾಕಿ

ಅಡಿಬರಹದಲ್ಲಿ ಇಸವಿ ಇದೆ ಅಂತ ಹಾಗೇ ಬರೆದುಕೊಳ್ಳಬೇಡಿ. ಸ್ಮರಣ ಸಂಚಿಕೆ ಮಾಡಿದವರು ಆತುರದಲ್ಲಿರುತ್ತಾರೆ. ‘ಸುಮಾರು 1940’ ಅಂದರೆ ಎಷ್ಟೋ ಸಲ ‘ಬಹಳ ಹಳೇದು’ ಅಂತ ಅರ್ಥ. ಫೋಟೊದೊಳಗೇ ಸಾಕ್ಷಿ ಹುಡುಕಿ. ಎರಡು ಗೆರೆ ಎಳೆಯಬೇಕು: ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ.

ಮೊದಲು ಬಸ್ಸು ನೋಡಿ. ‘ಕೆಎಸ್‌ಆರ್‌ಟಿಸಿ’ ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದಲ್ಲ. ‘ಎಂಎಸ್‌ಆರ್‌ಟಿಸಿ’ ಆದರೆ 1961ರ ಆಗಸ್ಟ್ ಮೇಲಿನದು, ಮೈಸೂರು ರಾಜ್ಯ ಅನ್ನುವ ಹೆಸರು ಇದ್ದ ಕಾಲದ್ದು. ಆದರೆ ಹೆಸರು ಬದಲಾದ ದಿನವೇ ಎಲ್ಲ ಬಸ್ಸಿಗೆ ಬಣ್ಣ ಬಳಿದಿರುವುದಿಲ್ಲ, ಒಂದೆರಡು ವರ್ಷ ಸಡಿಲ ಬಿಡಿ. ವಾಹನದ ನಂಬರ್ ಪ್ಲೇಟು ‘ಕೆಎ’ ಆದಮೇಲೆ ಎರಡು ಅಂಕಿ ಇದ್ದರೆ 1989ರ ನಂತರದ್ದು. ‘ಎಂವೈ’ ಅಂತ ಶುರುವಾದರೆ ಗಾಡಿ ಹಳೇದು. ಆದರೆ ಹಳೇ ಗಾಡಿ ಎಷ್ಟೋ ವರ್ಷ ಓಡುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಬ್ಯಾಂಕಿನ ಬೋರ್ಡು ಇನ್ನೂ ಚೆನ್ನಾದ ಸಾಕ್ಷಿ. ‘ಸ್ಟೇಟ್ ಬ್ಯಾಂಕ್ ಆಫ್ ಮೈಸೂರು’ ಅಂತಿದ್ದರೆ 1960ಕ್ಕಿಂತ ಹಿಂದಿನದಲ್ಲ. ಅದಕ್ಕೂ ಮುಂಚೆ ಅದು ಬರೀ ‘ಬ್ಯಾಂಕ್ ಆಫ್ ಮೈಸೂರು’. 1969ರ ಜುಲೈನಲ್ಲಿ 14 ಬ್ಯಾಂಕ್‌ಗಳು ರಾಷ್ಟ್ರೀಕರಣ ಆದವು. ‘ಕೆನರಾ ಬ್ಯಾಂಕ್ ಲಿಮಿಟೆಡ್’ ಅಂತ ಕಂಡರೆ ಅದಕ್ಕಿಂತ ಹಿಂದಿನ ಬೋರ್ಡು.

ಅಂಗಡಿ ಬೋರ್ಡಿನ ವಿಳಾಸದ ಕೊನೆಯಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಮೇಲಿನದು. ಹೋಟೆಲಿನ ದರಪಟ್ಟಿಯಲ್ಲಿ ‘ನಯಾ ಪೈಸೆ’ ಇದ್ದರೆ 1957ರಿಂದ 1964ರ ನಡುವಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ಆಣೆ ಲೆಕ್ಕವಿದ್ದರೆ ಅದಕ್ಕೂ ಹಿಂದೆ.

ಗೋಡೆ ಮೇಲಿನ ಸಿನಿಮಾ ಪೋಸ್ಟರೂ ಉಪಯೋಗಕ್ಕೆ ಬರುತ್ತದೆ. ಬಿಡುಗಡೆಯ ವರ್ಷ ಸುಲಭವಾಗಿ ಸಿಗುತ್ತದೆ. ಆದರೆ ಆಗ ಬೆಂಗಳೂರಲ್ಲಿ ಓಡಿ ಸುಸ್ತಾದ ಪ್ರಿಂಟು ಸಣ್ಣ ಊರಿಗೆ ತಡವಾಗಿ ಬರುತ್ತಿತ್ತು, ಎರಡನೇ ಸಲ ಮೂರನೇ ಸಲವೂ ಬರುತ್ತಿತ್ತು. ‘ಹಿಂದಿನದಲ್ಲ’ ಅನ್ನಲು ಪೋಸ್ಟರ್ ಸಾಕು, ‘ಅದೇ ವರ್ಷ’ ಅನ್ನಲು ಸಾಲದು.

ನೋಟ್‌ಬುಕ್ಕಿನಲ್ಲಿ ಬರೆಯುವಾಗ ಇಸವಿಯ ಪಕ್ಕ ಕಾರಣವೂ ಇರಲಿ: ‘1961–73, ಬಸ್ಸಿನ ಹೆಸರಿನಿಂದ.’ ಕಾರಣ ಇಲ್ಲದ ಇಸವಿಯನ್ನು ನಾಳೆ ನೀವೇ ನಂಬುವುದಿಲ್ಲ.

ಹಂತ 7: ಹಿರಿಯರಿಗೆ ತೋರಿಸಿ, ಆದರೆ ಉತ್ತರ ಹೇಳಿಕೊಡಬೇಡಿ

‘ಅಜ್ಜಾರೇ, ಇದು ಇಂಥ ಬೀದಿ ಅಲ್ವಾ?’ ಅಂತ ಕೇಳಿದರೆ ಅವರು ‘ಹೌದಪ್ಪ’ ಅಂದುಬಿಡುತ್ತಾರೆ. ನಿಮ್ಮ ಮನಸ್ಸು ನೋಯಬಾರದು ಅಂತ. ಸುಮ್ನೆ ಫೋಟೊ ಕೈಗೆ ಕೊಟ್ಟು ಕಾಯಿರಿ. ಫೋನಲ್ಲಿ ತೋರಿಸಬೇಡಿ, ಎ4 ಹಾಳೆಯಲ್ಲಿ ಪ್ರಿಂಟು ಹಾಕಿಸಿಕೊಂಡು ಹೋಗಿ. ಬೆರಳಿಟ್ಟು ತೋರಿಸಲು ಹಾಳೆಯೇ ಬೇಕು.

ಒಂದು ಸಲ ಸ್ಮರಣ ಸಂಚಿಕೆಯೊಂದರ ಪೇಟೆ ಬೀದಿಯ ಫೋಟೊ ಹಿಡಿದು ಒಬ್ಬ ಅಜ್ಜನ ಹತ್ತಿರ ಹೋಗಿದ್ದೆ. ಅಡಿಬರಹದಲ್ಲಿ ಬೀದಿಯ ಹೆಸರು ಸ್ಪಷ್ಟವಾಗಿತ್ತು. ಅಜ್ಜ ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದುಕೊಂಡರು. ಜನರನ್ನು ನೋಡಲಿಲ್ಲ, ಅಂಗಡಿ ನೋಡಲಿಲ್ಲ. ಮೂಲೆಯಲ್ಲಿದ್ದ ಬೀದಿ ನಲ್ಲಿಯ ಮೇಲೆ ಬೆರಳಿಟ್ಟರು.

‘ಇದು ಆ ಬೀದಿ ಅಲ್ಲ ತಮ್ಮಾ. ಅಲ್ಲಿ ನಲ್ಲಿ ಎಡಕ್ಕಿತ್ತು. ದಿನಾ ಕೊಡ ಹೊತ್ತೀನಿ, ನಂಗೊತ್ತಿಲ್ವಾ?’

ಮನೆಗೆ ಬಂದು ಮತ್ತೆ ನೋಡಿದೆ. ಸಾಲಾಗಿ ನಿಂತ ಗಂಡಸರ ಅಂಗಿಯ ಜೇಬು ಎಲ್ಲಾ ಬಲಗಡೆ ಇದ್ದವು! ಬೀದಿ ಅದೇ, ನೆಗೆಟಿವ್ ತಿರುವಿಟ್ಟು ಅಚ್ಚು ಹಾಕಿದ್ದರು. ಬೋರ್ಡುಗಳೇನೂ ಓದುವಷ್ಟು ಕಾಣುತ್ತಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಅಂದಿನಿಂದ ಯಾವ ಫೋಟೊ ಸಿಕ್ಕರೂ ಮೊದಲು ಜೇಬು, ಗಡಿಯಾರ ಕಟ್ಟಿದ ಕೈ ನೋಡುತ್ತೇನೆ. ನೀವೂ ನೋಡಿ.

ಇಬ್ಬರು ಹಿರಿಯರಿಗೆ ಬೇರೆ ಬೇರೆಯಾಗಿ ತೋರಿಸಿ. ಇಬ್ಬರೂ ಒಂದೇ ಮಾತು ಹೇಳಿದರೆ ಬರೆದುಕೊಳ್ಳಿ. ಬೇರೆ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಯಾವುದು ಸರಿ ಅಂತ ನೀವು ತೀರ್ಪು ಕೊಡಬೇಡಿ. ಅವರು ಹೇಳಿದ ದಿನಾಂಕವೂ ಇರಲಿ.

ಹಂತ 8: ಮನೆಯ ಫೋಟೊಗಳನ್ನು ಗ್ರಂಥಾಲಯಕ್ಕೆ ಸೇರಿಸುವುದಾದರೆ

ಇಷ್ಟು ಹುಡುಕಿದ ಮೇಲೆ ಮನೆಯಲ್ಲೂ ಒಂದು ಟ್ರಂಕು ತೆರೆಯುತ್ತೀರಿ. ಇಲ್ಲಿ ಕೈ ಹಿಡಿತದಲ್ಲಿರಲಿ. ಪುಸ್ತಕಕ್ಕೆ ಇನ್ನೊಂದು ಪ್ರತಿ ಸಿಗಬಹುದು, ಫೋಟೊಗೆ ಸಿಗುವುದಿಲ್ಲ.

ಮಾಡಬಾರದ್ದು ಮೊದಲು. ಲ್ಯಾಮಿನೇಶನ್ ಬೇಡ. ಸೆಲ್ಲೋಟೇಪು ಬೇಡ, ವರ್ಷ ಕಳೆದಂತೆ ಹಳದಿಯಾಗಿ ಅಂಟು ಒಳಗಿಳಿಯುತ್ತದೆ. ಬೂಷ್ಟು ಬಂದಿದೆ ಅಂತ ಹಪ್ಪಳದ ಥರ ಬಿಸಿಲಿಗೆ ಹರಡಬೇಡಿ. ನೆರಳಲ್ಲಿ ಫ್ಯಾನ್ ಗಾಳಿಗೆ ಇಡಿ. ಒಣಗಿದ ಮೇಲೆ ಮೆತ್ತನೆಯ ಬ್ರಶ್‌ನಿಂದ ಹಗುರವಾಗಿ ಒರೆಸಿ, ಮನೆ ಹೊರಗೆ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲೇಬೇಡಿ. ಮುಖದ ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ ಇರುತ್ತದಲ್ಲ, ಅದರಿಂದ ಉಗುರು ಹಾಕಿ ಎಬ್ಬಿಸಬೇಡಿ. ಹಲ್ಲು ಸ್ವಚ್ಛ ಮಾಡುವ ದಾರ ಮೆಡಿಕಲ್ ಶಾಪಲ್ಲಿ ಸಿಗುತ್ತದೆ. ಅದನ್ನು ಫೋಟೊದ ಹಿಂದೆ ಗರಗಸದಂತೆ ನಿಧಾನ ಎಳೆಯಿರಿ. ಬರದಿದ್ದರೆ ಹಾಳೆಯ ಸಮೇತವೇ ಸ್ಕ್ಯಾನ್ ಮಾಡಿ.

ಅಪಾಯದ ಸೂಚನೆ ಮೂರು. ನೆಗೆಟಿವ್ ಡಬ್ಬ ತೆರೆದಾಗ ವಿನೆಗರ್ ಥರ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯುತ್ತಿದೆ. ಅದನ್ನು ಬೇರೆ ಇಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿ. ಫೋಟೊದ ಅಂಚು ಸುರುಳಿಯಾಗಿ ಮೇಲಿನ ಪದರ ಚಕ್ಕೆ ಏಳುತ್ತಿದ್ದರೆ ಒತ್ತಿ ನೆಟ್ಟಗೆ ಮಾಡಬೇಡಿ. ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣ ಮಣ್ಣಿನ ಗೆರೆ ಕಂಡರೆ ಗೆದ್ದಲು. ಆ ಪೆಟ್ಟಿಗೆ ಗ್ರಂಥಾಲಯದ ಬಾಗಿಲನ್ನೂ ದಾಟಬಾರದು.

ಸ್ಕ್ಯಾನ್: 4×6 ಇಂಚು ಅಥವಾ ಅದಕ್ಕಿಂತ ಸಣ್ಣದಕ್ಕೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ. ಕಪ್ಪು ಬಿಳುಪಾದರೂ ಕಲರ್‌ನಲ್ಲೇ ಮಾಡಿ, ಹಳದಿ ಛಾಯೆ, ಸ್ಟುಡಿಯೊ ಸೀಲಿನ ಬಣ್ಣ ಉಳಿಯುತ್ತದೆ. ಮೂಲ ಪ್ರತಿ ವಿವರ ಕುಗ್ಗದ ಟಿಫ್ ಫೈಲಿನಲ್ಲಿ, ಹಂಚಲು ಚಿಕ್ಕದಾದ ಜೆಪೆಗ್ ಫೈಲು. 4×6ರ ಒಂದು ಟಿಫ್ ಸುಮಾರು 26 ಎಂಬಿ ಆಗುತ್ತದೆ, ನೂರು ಫೋಟೊಗೆ 2.6 ಜಿಬಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಥರ ಕಳಿಸಿದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು, ಅದು ಕುಗ್ಗಿಸಿಬಿಡುತ್ತದೆ. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊ ಸೀಲು, ಯಾರದೋ ಕೈಬರಹ ಅಲ್ಲೇ ಇರುವುದು.

ಹಳೇ ಕಾಗದದ ಫೋಟೊದ ಹಿಂದೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಹಗುರವಾಗಿ ಕ್ರಮಸಂಖ್ಯೆ ಬರೆಯಿರಿ. ಈಚಿನ ಪ್ಲಾಸ್ಟಿಕ್ ಲೇಪದ ಫೋಟೊ ಮೇಲೆ ಪೆನ್ಸಿಲ್ ಹತ್ತುವುದಿಲ್ಲ. ಅದಕ್ಕೆ ಕಾಗದದ ಕವರಿನ ಮೇಲೆ ಬರೆದು, ಆಮೇಲೆ ಫೋಟೊ ಒಳಗಿಡಿ. ಬಾಲ್‌ಪೆನ್‌ನಲ್ಲಿ ಬರೆದು, ಅಜ್ಜಿಯ ಕೆನ್ನೆ ಮೇಲೆ ಅಕ್ಷರ ಉಬ್ಬಿಸಿದವನು ನಾನೇ. ಆ ಫೋಟೊ ಈಗಲೂ ಹಾಗೇ ಇದೆ.

ಹಕ್ಕಿನ ವಿಚಾರ. 2012ರವರೆಗೆ ಪ್ರಕಟವಾದ ಫೋಟೊಗೆ, ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಕಾಪಿರೈಟ್ ಇತ್ತು. ಆ ವರ್ಷದ ತಿದ್ದುಪಡಿಯ ಮೇಲೆ, ಫೋಟೊ ತೆಗೆದವರು ಇರುವವರೆಗೆ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಹಣ ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿಕೊಂಡ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದೇ. ಕಾನೂನು ಏನೇ ಇರಲಿ, ಇನ್ನೊಬ್ಬರ ಮನೆಯ ಮದುವೆ ಫೋಟೊ ಹಾಕುವ ಮುಂಚೆ ಆ ಮನೆಯವರನ್ನು ಒಂದು ಮಾತು ಕೇಳಿ.

ಮೂಲ ಫೋಟೊ ಕೊಡಬೇಕೋ, ಸ್ಕ್ಯಾನ್ ಮಾತ್ರವೋ? ಗಾಳಿಯಾಡುವ ಕೋಣೆ, ನೋಡಿಕೊಳ್ಳುವ ಜನ ಇದ್ದರೆ ಮೂಲ ಕೊಡಿ. ಇಲ್ಲದಿದ್ದರೆ ಸ್ಕ್ಯಾನ್ ಕೊಟ್ಟು ಮೂಲವನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅನ್ನುವುದು ನನ್ನ ಮತ. ಹೊರಗೋಡೆಗೆ ತಾಗಿದ ಬೀರುವಿನಲ್ಲಿ, ನೀರಿನ ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಬೇಡ. ನುಸಿಗುಳಿಗೆಯೂ ಬೇಡ.

ಕೊಡುವಾಗ ಬರೀ ಪೆನ್‌ಡ್ರೈವ್ ಕೊಡಬೇಡಿ, ಅದು ಯಾರದೋ ಡ್ರಾಯರ್ ಸೇರಿ ಅಲ್ಲೇ ಉಳಿಯುತ್ತದೆ. ಪ್ರತಿ ಫೋಟೊದ ಸಣ್ಣ ಪ್ರಿಂಟು, ಕೆಳಗೆ ಜಾಗ, ಇಸವಿ, ಕಾರಣ, ಹೆಸರುಗಳು, ಯಾರು ಹೇಳಿದ್ದು, ಮೂಲ ಯಾರ ಹತ್ತಿರ ಇದೆ, ಇಷ್ಟನ್ನು ಹಾಕಿ ಪುಸ್ತಕದ ಥರ ಬೈಂಡ್ ಮಾಡಿಸಿ. ಬೈಂಡ್ ಆಗಿದ್ದರೆ ಅದು ಪುಸ್ತಕ, ಪುಸ್ತಕ ಆದರೆ ರಿಜಿಸ್ಟರಿಗೆ ಏರುತ್ತದೆ. ಬೆನ್ನ ಮೇಲೆ ಊರಿನ ಹೆಸರು ದೊಡ್ಡದಾಗಿ ಬರೆಸಿ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಗ್ರಂಥಾಲಯದ ಸೀಲು, ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ. ಹೊರಡುವ ಮುಂಚೆ ಆ ಪುಸ್ತಕಕ್ಕೆ ಯಾವ ನಂಬರ್ ಬಿತ್ತು ಅಂತ ಕೇಳಿ ಬರೆದುಕೊಳ್ಳಿ.